ಊಲಾಂಗ್ ಕಹಿಯಾದರೆ ಬಿಸಿಯನ್ನಲ್ಲ, ಹೊತ್ತನ್ನು ಕಡಿಮೆ ಮಾಡಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿರುವ ನಿವೃತ್ತ ಶಿಕ್ಷಕಿ. ಕೆಲಸದ ಮೇಲೆ ಚೀನಾಕ್ಕೆ ಹೋಗಿದ್ದ ಮಗಳು ಎರಡು ಬಗೆಯ ಊಲಾಂಗ್ ಚಹಾ ತಂದಿದ್ದಾಳೆ. ಒಂದು, ಕಾಳಿನಂತೆ ಉಂಡೆಗಟ್ಟಿರುವ ಹಸಿರು ತಿಯೆಗ್ವಾನ್‌ಯಿನ್. ಇನ್ನೊಂದು, ಉದ್ದಕ್ಕೆ ಹುರಿಗೊಂಡಿರುವ ಕಪ್ಪು ಎಲೆಯ ವೂಯಿ ಚಹಾ. ಜೊತೆಗೆ ಹಿಡಿಯಿಲ್ಲದ, ಮುಚ್ಚಳವಿರುವ ಪಿಂಗಾಣಿ ಬಟ್ಟಲೊಂದನ್ನೂ ತಂದಿದ್ದಾಳೆ. ಒಂದು ಚಮಚ ಎಲೆಗೆ ಒಂದು ಲೋಟ ಕುದಿನೀರು ಹಾಕಿ ಐದು ನಿಮಿಷ ಬಿಟ್ಟರೆ ಕಹಿಯಾಗುತ್ತದೆ; ನೀರನ್ನು ಆರಿಸಿ ಹಾಕಿದರೆ ಸಪ್ಪೆಯಾಗುತ್ತದೆ. ಆ ಬಟ್ಟಲಿನಿಂದ ಬಗ್ಗಿಸಲು ಹೋದರೆ ಬೆರಳು ಸುಡುತ್ತದೆ. ಚೀನೀಯರು ಮನೆಯಲ್ಲಿ ಅನುಸರಿಸುವ ಸಾಂಪ್ರದಾಯಿಕ ಕ್ರಮ ಯಾವುದು? ಮೊದಲ ನೀರನ್ನು ಚೆಲ್ಲಬೇಕೆ? ಮಣ್ಣಿನ ಹೂಜಿಯನ್ನು ಕೊಳ್ಳಲೇಬೇಕೆ?

ಉತ್ತರ: ನಿಮ್ಮ ಚಹಾದಲ್ಲಾಗಲಿ ಬಟ್ಟಲಿನಲ್ಲಾಗಲಿ ದೋಷವಿರುವಂತೆ ಕಾಣುವುದಿಲ್ಲ, ಅಳತೆ ಬದಲಾಗಬೇಕು. ಸ್ವಲ್ಪ ಎಲೆಗೆ ಲೋಟದ ತುಂಬ ನೀರು ಹಾಕಿ ನಿಮಿಷಗಟ್ಟಲೆ ನೆನೆಯಲು ಬಿಡುವುದು ಯುರೋಪಿನವರಿಗೂ ಅವರಿಂದ ಕಲಿತ ನಮಗೂ ರೂಢಿಯಾಗಿರುವ ಕ್ರಮ. ಚೀನಾದ ಆಗ್ನೇಯ ಕರಾವಳಿಯಲ್ಲಿ, ಅಂದರೆ ಫೂಜಿಯಾನ್ ಪ್ರಾಂತ್ಯದಲ್ಲಿ ಮತ್ತು ಗುವಾಂಗ್‌ಡಾಂಗ್ ಪ್ರಾಂತ್ಯದ ಚಾವೊಜೌ ಸೀಮೆಯಲ್ಲಿ, ಊಲಾಂಗ್ ಕುಡಿಯುವವರು ಧಾರಾಳವಾಗಿ ಎಲೆ ಹಾಕಿ, ಪುಟ್ಟ ಬಟ್ಟಲಿಗೆ ಹಿಡಿಸುವಷ್ಟೇ ನೀರೆರೆದು, ಕೆಲವೇ ಸೆಕೆಂಡುಗಳಲ್ಲಿ ಅದನ್ನು ಬಸಿದುಕೊಂಡು, ಅದೇ ಎಲೆಗೆ ಮತ್ತೆ ಮತ್ತೆ ಹೊಸ ನೀರು ಹಾಕುತ್ತ ಹೋಗುತ್ತಾರೆ. ಈ ಕ್ರಮಕ್ಕೆ ಗೊಂಗ್‌ಫು ಚಹಾ ಎಂದು ಹೆಸರು. ನಾವು ಸಿನಿಮಾಗಳಲ್ಲಿ ಕೇಳಿರುವ ಕುಂಗ್‌ಫು ಎಂಬ ಮಾತೇ ಇದು; ಹೊತ್ತು ಕೊಟ್ಟು, ಕೈ ಪಳಗಿಸಿಕೊಂಡು ಗಳಿಸಿದ ಕುಶಲತೆ ಎಂಬುದು ಅದರ ಅರ್ಥ. ರೇಷ್ಮೆಯುಟ್ಟ ಯುವತಿಯರು ಪ್ರವಾಸಿಗರ ಮುಂದೆ ಮಾಡಿ ತೋರಿಸುವ ಪ್ರದರ್ಶನವನ್ನು ಕಂಡವರು ಇದನ್ನೊಂದು ಪೂಜಾವಿಧಿಯೆಂದೇ ಭಾವಿಸುವುದುಂಟು. ಚಾವೊಜೌನಲ್ಲಿ ಮಾತ್ರ ಇದು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ, ಗಿರಾಕಿಯೊಡನೆ ಚೌಕಾಸಿ ನಡೆಸುತ್ತಲೇ ಮಾಡುವ ದಿನನಿತ್ಯದ ಕೆಲಸ. ಅಲ್ಲಿನ ಗೊಂಗ್‌ಫು ಚಹಾವನ್ನು ಚೀನಾ ಸರ್ಕಾರ 2008ರಲ್ಲಿ ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2022ರಲ್ಲಿ ಯುನೆಸ್ಕೊ ಚೀನಾದ ಚಹಾ ತಯಾರಿಕೆಯ ಸಾಂಪ್ರದಾಯಿಕ ಕೌಶಲಗಳನ್ನೂ ಅವುಗಳ ಸುತ್ತಲಿನ ಆಚರಣೆಗಳನ್ನೂ ತನ್ನ ಪಟ್ಟಿಗೆ ತೆಗೆದುಕೊಂಡಿತು.

ಮೊದಲ ಗುಟುಕಿಗೇ ಮುಖ ಕಿವಿಚಿದವರಲ್ಲಿ ನೀವೇ ಮೊದಲಿಗರಲ್ಲ. ಹದಿನೆಂಟನೆಯ ಶತಮಾನದ ಕವಿ ಯುವಾನ್ ಮೇ ಊಟತಿಂಡಿಯ ರುಚಿಯಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯ. ವೂಯಿ ಚಹಾ ಔಷಧಿಯ ಕಷಾಯದಷ್ಟು ಗಟ್ಟಿ, ಕಹಿ ಎಂದು ಆತ ಅದನ್ನು ದೂರವಿಟ್ಟಿದ್ದ. 1786ರ ಶರತ್ಕಾಲದಲ್ಲಿ ವೂಯಿ ಬೆಟ್ಟಗಳಿಗೆ ಹೋದಾಗ ಅಲ್ಲಿನ ಮಠಗಳ ಸನ್ಯಾಸಿಗಳು ಅಕ್ರೋಟಿನಷ್ಟು ಚಿಕ್ಕ ಬಟ್ಟಲುಗಳಲ್ಲಿ, ಮಾದಲ ಹಣ್ಣಿನ ಗಾತ್ರದ ಹೂಜಿಯಿಂದ ಅದೇ ಚಹಾವನ್ನು ಬಗ್ಗಿಸಿಕೊಟ್ಟರು. ಮೊದಲು ಮೂಸಿ, ಆಮೇಲೆ ಗುಟುಕುಗುಟುಕಾಗಿ ಹೀರಿ, ಬಾಯಲ್ಲಿ ಆಡಿಸಿ ಕುಡಿದಾಗ ತನ್ನ ಅಭಿಪ್ರಾಯವೇ ಬದಲಾಯಿತೆಂದು ಅವನು ಬರೆದಿದ್ದಾನೆ. ನಿಮ್ಮ ಅಡುಗೆಮನೆಯಲ್ಲೂ ಬದಲಾಗಬೇಕಾದದ್ದು ಆ ಗಾತ್ರಗಳೇ.

ಇದು ಹೀಗೇಕೆ ಎಂಬುದು ಎಲೆಯ ಹುಟ್ಟಿನಲ್ಲಿದೆ. ಹಸಿರು ಚಹಾಕ್ಕೆ ಎಳೆಯ ಚಿಗುರನ್ನು ಚಿವುಟಿದರೆ, ಊಲಾಂಗಿಗೆ ಹೆಚ್ಚಾಗಿ ಚಿಗುರು ಅರಳಿ ಬಲಿಯುವವರೆಗೆ ಕಾದು, ಮೂರು ನಾಲ್ಕು ಎಲೆಗಳನ್ನು ತೊಟ್ಟಿನ ಸಮೇತ ಕೀಳುತ್ತಾರೆ. ಅದನ್ನು ಬಿಸಿಲಿನಲ್ಲಿ ಬಾಡಿಸಿ, ಅನಂತರ ರಾತ್ರಿಯ ಹೊತ್ತು ಬಿದಿರಿನ ಮೊರಗಳಲ್ಲಿ ಕೇರಿ, ಅಲುಗಾಡಿಸಿ, ಮಧ್ಯೆ ಮಧ್ಯೆ ಸುಮ್ಮನೆ ಬಿಡುತ್ತಾರೆ. ಎಲೆಗಳು ಒಂದಕ್ಕೊಂದು ಉಜ್ಜಿ ಅಂಚುಗಳು ಮಾತ್ರ ಜಜ್ಜಿದಂತಾಗಿ ಗಾಳಿಗೆ ಕೆಂಪಗಾಗುತ್ತವೆ, ನಡುಭಾಗ ಹಸಿರಾಗಿಯೇ ಉಳಿಯುತ್ತದೆ. ಹೂವಿನ, ಹಣ್ಣಿನ ಘಮ ಹುಟ್ಟುವುದು ಈ ಹಂತದಲ್ಲಿ. ಬೇಕಾದ ಹದಕ್ಕೆ ಬಂದೊಡನೆ ಎಲೆಯನ್ನು ಬಿಸಿ ಬಾಣಲೆಗೆ ಹಾಕಿ ಆ ಬದಲಾವಣೆಯನ್ನು ನಿಲ್ಲಿಸಿ, ಹೊಸೆದು, ಒಣಗಿಸುತ್ತಾರೆ. ವೂಯಿ ಚಹಾವಾದರೆ ಮತ್ತೆ ಇದ್ದಿಲ ಕೆಂಡದ ಮೇಲೆ ತಾಳ್ಮೆಯಿಂದ ಹುರಿಯುತ್ತಾರೆ. ಇಷ್ಟೆಲ್ಲ ತಾಳಿಕೊಂಡ ಬಲಿತ ಎಲೆಯಿಂದ ಪರಿಮಳ ಹೊರಬರಬೇಕಾದರೆ ಚೆನ್ನಾಗಿ ಕುದಿದ ನೀರೇ ಬೇಕು. ಆದರೆ ಕಹಿ ಮತ್ತು ಒಗರು ಕೊಡುವ ಕೆಫೀನ್, ಕ್ಯಾಟೆಚಿನ್‌ಗಳೂ ಬಿಸಿ ನೀರಿನಲ್ಲಿ ಹೊತ್ತು ಕಳೆದಷ್ಟೂ ಹೆಚ್ಚು ಇಳಿಯುತ್ತವೆ. ನೀವು ಕಹಿಗೆ ಹೆದರಿ ನೀರನ್ನು ಆರಿಸಿದಿರಿ. ಕಹಿಯ ಜೊತೆಗೆ ಪರಿಮಳವೂ ಹೋಯಿತು. ಬಿಸಿಯನ್ನು ಹಾಗೇ ಇಟ್ಟುಕೊಂಡು ಹೊತ್ತನ್ನು ಕಡಿಮೆ ಮಾಡುವುದೇ ಗೊಂಗ್‌ಫು ವಿಧಾನದ ತಿರುಳು. ಉಳಿದ ಸಲಕರಣೆ, ಕೈಚಳಕ ಎಲ್ಲವೂ ಅದಕ್ಕೆ ನೆರವಾಗಲು ಇರುವಂಥವು.

ಮಗಳು ತಂದಿರುವ ಬಟ್ಟಲಿಗೆ ಗೈವಾನ್ ಎನ್ನುತ್ತಾರೆ. ಮುಚ್ಚಳವನ್ನು ಆಕಾಶವೆಂದೂ ಕೆಳಗಿನ ತಟ್ಟೆಯನ್ನು ಭೂಮಿಯೆಂದೂ ನಡುವಿನ ಬಟ್ಟಲನ್ನು ಮನುಷ್ಯನೆಂದೂ ಕರೆಯುವ ವಾಡಿಕೆ ಅಲ್ಲಿದೆ. ಮೊದಲು ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆಂದು ಅಳೆದು ನೋಡಿ: ಮುಚ್ಚಳ ಕೂರುವ ಮಟ್ಟಕ್ಕಿಂತ ತುಸು ಕೆಳಗಿನವರೆಗೆ ನೀರು ತುಂಬಿ ತೂಗಿದರೆ ಸಾಕು. ಸಾಮಾನ್ಯವಾಗಿ ಅದು 100 ಮಿಲಿಲೀಟರಿನ ಆಸುಪಾಸಿನಲ್ಲಿರುತ್ತದೆ. ಅಷ್ಟು ನೀರಿಗೆ 6ರಿಂದ 7 ಗ್ರಾಂ ಎಲೆ ಬೇಕು. ತಿಯೆಗ್ವಾನ್‌ಯಿನ್ ಈಗ ಹೆಚ್ಚಾಗಿ ಗಾಳಿ ತೆಗೆದ ಪುಟ್ಟ ಪೊಟ್ಟಣಗಳಲ್ಲಿ ಬರುತ್ತದೆ. ಒಂದೊಂದರಲ್ಲಿ 7 ಅಥವಾ 8 ಗ್ರಾಂ ಇರುವುದು ಒಂದು ಗೈವಾನಿಗೆ ಒಂದು ಪೊಟ್ಟಣ ಎಂಬ ಲೆಕ್ಕದಿಂದಲೇ. ತಕ್ಕಡಿ ಇಲ್ಲದಿದ್ದರೆ ಕಣ್ಣಳತೆ ಸಾಕು, ಆದರೆ ಚಮಚದ ಲೆಕ್ಕ ಬೇಡ. ಉಂಡೆಗಟ್ಟಿದ ಎಲೆ ಬಟ್ಟಲಿನ ತಳವನ್ನು ಮುಚ್ಚಿ ಸುಮಾರು ಕಾಲು ಭಾಗಕ್ಕೆ ಬಂದರೆ ಸರಿಯಾಯಿತು, ಏಕೆಂದರೆ ಅದು ನೆನೆದು ಬಿಚ್ಚಿಕೊಂಡಾಗ ಮುಚ್ಚಳವನ್ನೇ ಎತ್ತುವಷ್ಟು ಹಿಗ್ಗುತ್ತದೆ. ಹುರಿಗೊಂಡ ವೂಯಿ ಎಲೆ ಹಗುರ. ಅದು ಒಣಗಿರುವಾಗಲೇ ಬಟ್ಟಲಿನ ಮುಕ್ಕಾಲು ಭಾಗ ಕಂಡರೂ ಗಾಬರಿಯಾಗಬೇಡಿ. ಇಷ್ಟೊಂದು ಎಲೆಯೇ ಎಂದು ನಮ್ಮ ಮಿತವ್ಯಯದ ಮನಸ್ಸು ಹಿಂಜರಿಯುತ್ತದೆ, ನಿಜ. ಆದರೆ ಅಷ್ಟೇ ಎಲೆಯಿಂದ ಏಳೆಂಟು ಸುತ್ತು ಚಹಾ ಬರುವುದರಿಂದ ಒಟ್ಟು ಲೆಕ್ಕದಲ್ಲಿ ನಷ್ಟವೇನಿಲ್ಲ.

ನೀರಿನ ವಿಷಯದಲ್ಲಿ ಬೆಂಗಳೂರಿನವರು ಎರಡು ಮಾತು ತಿಳಿದಿರಬೇಕು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲೇ ಕುದಿಯುತ್ತದೆ. ಊಲಾಂಗಿಗೆ 95ರಿಂದ 100 ಡಿಗ್ರಿ ಬೇಕು. ಆದ್ದರಿಂದ ಕುದಿದ ನೀರನ್ನು ಆರಿಸುವ ಪ್ರಶ್ನೆಯೇ ಇಲ್ಲ, ಪ್ರತಿ ಸುತ್ತಿಗೂ ಕೆಟಲಿನಿಂದ ನೇರವಾಗಿ ಎರೆಯಿರಿ, ನಡುವೆ ತಣಿದರೆ ಮತ್ತೆ ಕುದಿಸಿ. ಎರಡನೆಯದು ನೀರಿನ ಗುಣ. ಚಹಾದ ಬಗ್ಗೆ ಮೊಟ್ಟಮೊದಲು ವಿವರವಾಗಿ ಬರೆದ ಎಂಟನೆಯ ಶತಮಾನದ ಲು ಯು ಬೆಟ್ಟದ ನೀರು ಉತ್ತಮ, ಹೊಳೆಯ ನೀರು ಮಧ್ಯಮ, ಬಾವಿಯ ನೀರು ಕನಿಷ್ಠ ಎಂದಿದ್ದ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಚಹಾ ಮಾಡಿ ನೋಡಿದವರಿಗೆ ಆ ಮಾತು ಸತ್ಯವೆನ್ನಿಸದೆ ಇರದು: ಬಣ್ಣ ಮಂಕಾಗುತ್ತದೆ, ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ, ಘಮ ಏಳುವುದಿಲ್ಲ. ಆರ್‌ಒ ಯಂತ್ರದ ನೀರು ಲವಣಗಳನ್ನೆಲ್ಲ ಕಳೆದುಕೊಂಡಿರುವುದರಿಂದ ಚಹಾ ಜೊಳ್ಳೆನ್ನಿಸುತ್ತದೆ. ಮನೆಗೆ ಕಾವೇರಿ ನೀರು ಬರುವುದಾದರೆ ಅದನ್ನು ಸೋಸಿ ಕುದಿಸಿ ಬಳಸಿ. ಬೋರ್‌ವೆಲ್ ಒಂದೇ ಗತಿಯಾದರೆ ಆರ್‌ಒ ನೀರಿಗೆ ಅದನ್ನು ಒಂದಿಷ್ಟು ಬೆರೆಸಿ ರುಚಿ ನೋಡಿ ಹದ ಕಂಡುಕೊಳ್ಳಿ.

ಇನ್ನು ಬೆರಳು ಸುಡುವ ಸಂಗತಿ. ಪ್ರಾರಂಭದಲ್ಲಿ ನಾನೂ ಎರಡು ವಾರ ಹೆಬ್ಬೆರಳಿಗೆ ಬೊಬ್ಬೆ ಬರಿಸಿಕೊಂಡು ತಿರುಗಿದವನೇ. ಸುಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ನೀರನ್ನು ಅಂಚಿನವರೆಗೆ ತುಂಬಿರುತ್ತೇವೆ, ಇಲ್ಲವೇ ಹೆದರಿಕೆಯಿಂದ ನಿಧಾನವಾಗಿ ಬಗ್ಗಿಸುತ್ತೇವೆ. ಬಟ್ಟಲಿನ ಬಾಯಿ ಹೊರಕ್ಕೆ ಅರಳಿರುವುದು ಆ ಅಂಚು ತಣ್ಣಗಿರಲಿ ಎಂದೇ. ನೀರು ಅಲ್ಲಿಗೆ ಏರಿದರೆ ಆ ಉಪಕಾರವೆಲ್ಲ ವ್ಯರ್ಥ. ಮುಚ್ಚಳವನ್ನು ತುಸು ಓರೆ ಮಾಡಿ, ಎಲೆ ಜಾರದಷ್ಟು, ನೀರು ಸರಾಗವಾಗಿ ಹರಿಯುವಷ್ಟು ಸಂದು ಬಿಡಿ. ಹೆಬ್ಬೆರಳನ್ನೂ ನಡುಬೆರಳನ್ನೂ ಅಂಚಿನ ಎದುರುಬದುರಿಗೆ ಇಟ್ಟು, ತೋರುಬೆರಳಿನಿಂದ ಮುಚ್ಚಳದ ಗುಬುಟನ್ನು ಒತ್ತಿಹಿಡಿಯಿರಿ. ಆಮೇಲೆ ಅನುಮಾನಿಸದೆ ಒಂದೇ ಸಲಕ್ಕೆ ಬಟ್ಟಲನ್ನು ಪೂರ್ತಿ ವಾಲಿಸಿ. ಅರ್ಧ ವಾಲಿಸಿ ನಿಂತರೆ ಹಬೆ ನೇರವಾಗಿ ಬೆರಳಿಗೆ ಬಡಿಯುತ್ತದೆ. ತಣ್ಣೀರಿನಲ್ಲಿ ಹತ್ತು ಹದಿನೈದು ಸಲ ಅಭ್ಯಾಸ ಮಾಡಿ ಆಮೇಲೆ ಬಿಸಿನೀರಿಗೆ ಹೋಗುವುದು ಜಾಣತನ. ಕೆಳಗೆ ಒಂದು ಅಗಲವಾದ ಸ್ಟೀಲ್ ತಟ್ಟೆ ಇಟ್ಟುಕೊಂಡರೆ ಚೆಲ್ಲಿದ ನೀರಿಗೆ ಬಿದಿರಿನ ದುಬಾರಿ ತಟ್ಟೆಯ ಅಗತ್ಯವಿಲ್ಲ.

ಈಗ ಕ್ರಮಕ್ಕೆ ಬರೋಣ. ಖಾಲಿ ಗೈವಾನಿಗೂ ಕುಡಿಯುವ ಬಟ್ಟಲುಗಳಿಗೂ ಮೊದಲು ಕುದಿನೀರು ಹಾಕಿ ಬೆಚ್ಚಗಾಗಿಸಿ ಚೆಲ್ಲಿ; ತಣ್ಣನೆಯ ಪಿಂಗಾಣಿಗೆ ಬಿದ್ದ ನೀರು ಎಲೆಯನ್ನು ಮುಟ್ಟುವ ಮೊದಲೇ ಕಾವು ಕಳೆದುಕೊಳ್ಳುತ್ತದೆ. ಬೆಚ್ಚಗಿನ ಬಟ್ಟಲಿಗೆ ಎಲೆ ಹಾಕಿ ಮುಚ್ಚಿ, ಒಮ್ಮೆ ಕುಲುಕಿ, ಮುಚ್ಚಳ ತೆಗೆದು ಮೂಸಿ ನೋಡಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಸುಖದ ಗಳಿಗೆ ಇದು. ಅನಂತರ ಕೆಟಲನ್ನು ಸ್ವಲ್ಪ ಎತ್ತರದಿಂದ ಹಿಡಿದು, ಬಟ್ಟಲಿನ ಅಂಚಿನ ಸುತ್ತ ನೀರೆರೆಯಿರಿ. ನಟ್ಟನಡುವೆ ರಭಸದಿಂದ ಸುರಿದರೆ ಚಹಾದ ಪಿತ್ತಕೋಶ ಒಡೆಯುತ್ತದೆ ಎಂದು ಚಾವೊಜೌ ಜನ ಎಚ್ಚರಿಸುತ್ತಾರೆ. ಮೀನು ಹಸನು ಮಾಡುವಾಗ ಪಿತ್ತ ಒಡೆದು ಕಹಿಯಾದುದನ್ನು ಕಂಡ ಕರಾವಳಿಯವರಿಗೆ ಆ ಮಾತು ತಟ್ಟನೆ ಅರ್ಥವಾದೀತು.

ಈ ಮೊದಲ ನೀರನ್ನು ಚೆಲ್ಲಬೇಕೆ ಎಂದು ಕೇಳಿದ್ದೀರಿ. ಮೂರರಿಂದ ಐದು ಸೆಕೆಂಡು ಬಿಟ್ಟು ಚೆಲ್ಲುವುದು ರೂಢಿ. ಉಂಡೆಗಟ್ಟಿದ ಎಲೆ ಅದರಿಂದ ಸಡಿಲಗೊಳ್ಳಲು ತೊಡಗುತ್ತದೆ, ಹುರಿದ ಎಲೆಯ ಮೇಲಿನ ಪುಡಿ ಮತ್ತು ಇದ್ದಿಲ ಧೂಳು ಹೋಗುತ್ತದೆ. ಹಾಗೆ ತೊಳೆದರೆ ಕೆಫೀನ್ ಬಹುಪಾಲು ಹೊರಟುಹೋಗುತ್ತದೆ ಎಂಬ ಮಾತು ಮಾತ್ರ ತಪ್ಪು. ಕೆಫೀನ್ ಇಳಿಯಲು ನಿಮಿಷಗಳೇ ಬೇಕು, ಆದ್ದರಿಂದ ನಿದ್ದೆಯ ತೊಂದರೆಯಿರುವವರು ತೊಳೆದ ಧೈರ್ಯದ ಮೇಲೆ ರಾತ್ರಿ ಕುಡಿಯಬಾರದು. ಹಗುರವಾದ, ಹಸಿರು ತಿಯೆಗ್ವಾನ್‌ಯಿನ್‌ನ ಆ ನೀರನ್ನು ನಾನು ಎಷ್ಟೋ ಸಲ ಕುಡಿದೇಬಿಡುತ್ತೇನೆ. ವೂಯಿ ಚಹಾದ್ದನ್ನು ಚೆಲ್ಲುತ್ತೇನೆ.

ಅಲ್ಲಿಂದ ಮುಂದೆ ಎರಡು ಚಹಾಗಳ ದಾರಿ ಬೇರೆಯಾಗುತ್ತದೆ. ತಿಯೆಗ್ವಾನ್‌ಯಿನ್ ಫೂಜಿಯಾನಿನ ದಕ್ಷಿಣದ ಆನ್‌ಶಿಯದು. ಉಂಡೆ ಬಿಚ್ಚಿಕೊಳ್ಳಲು ಹೊತ್ತು ಬೇಕಾದ್ದರಿಂದ ಅದರ ಮೊದಲ ಸುತ್ತಿಗೆ 20ರಿಂದ 25 ಸೆಕೆಂಡು ಕೊಡಿ. ಎರಡನೆಯ ಸುತ್ತಿನ ಹೊತ್ತಿಗೆ ಎಲೆ ಅರಳಿರುತ್ತದೆ. ಆಗ 15 ಸೆಕೆಂಡು ಸಾಕು, ಇಲ್ಲಿ ಮರೆತು ಹೆಚ್ಚು ಬಿಟ್ಟವರೇ ಕಹಿಯೆಂದು ದೂರುವವರಲ್ಲಿ ಹೆಚ್ಚು. ಮೂರನೆಯದಕ್ಕೆ 20, ಆಮೇಲೆ ಸುತ್ತಿಗೆ ಹತ್ತು ಹತ್ತು ಸೆಕೆಂಡು ಏರಿಸುತ್ತ ಹೋಗಿ, ಕೊನೆಯ ಸುತ್ತುಗಳಿಗೆ ಒಂದೆರಡು ನಿಮಿಷ ಬಿಟ್ಟರೂ ಅಡ್ಡಿಯಿಲ್ಲ. ವೂಯಿ ಎಲೆ ಮೊದಲಿನಿಂದಲೇ ತೆರೆದುಕೊಂಡಿರುವುದರಿಂದ ಮೊದಲ ಮೂರು ಸುತ್ತುಗಳಿಗೆ ಎಂಟರಿಂದ ಹತ್ತು ಸೆಕೆಂಡು ಮೀರಬಾರದು. ನೀರೆರೆದು, ಮುಚ್ಚಿ, ಉಸಿರು ಎರಡು ಸಲ ಎಳೆದು ಬಿಡುವಷ್ಟರಲ್ಲಿ ಬಸಿಯಲು ಶುರುಮಾಡಬೇಕು. ಈ ಸಂಖ್ಯೆಗಳನ್ನು ವೇದವಾಕ್ಯವೆಂದುಕೊಳ್ಳುವುದು ಬೇಡ. ಒಂದು ಸುತ್ತು ತೀರ ಗಟ್ಟಿಯಾಯಿತೆನ್ನಿಸಿದರೆ ಮುಂದಿನದನ್ನು ಐದು ಸೆಕೆಂಡು ಬೇಗ ಬಸಿಯಿರಿ, ನೀರಾಗಿದ್ದರೆ ಐದು ಸೆಕೆಂಡು ತಡ ಮಾಡಿ. ಒಂದೇ ಕುಳಿತದಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಇಷ್ಟು ಅವಕಾಶ ಕೊಡುವ ಅಡುಗೆ ಬೇರೊಂದಿಲ್ಲ.

ಬಸಿಯುವುದನ್ನು ಕುರಿತು ಮಾತ್ರ ನಾನು ಹಠ ಹಿಡಿಯುತ್ತೇನೆ: ಕೊನೆಯ ಹನಿಯವರೆಗೆ ಬಸಿಯಬೇಕು. ತಳದಲ್ಲಿ ಎರಡು ಚಮಚ ನೀರು ಉಳಿದರೂ ನಾವು ಮಾತಾಡುತ್ತ ಕುಳಿತಿರುವಾಗ ಅದು ಎಲೆಯೊಡನೆ ನೆನೆಯುತ್ತಲೇ ಇದ್ದು ಮುಂದಿನ ಸುತ್ತನ್ನು ಕೆಡಿಸುತ್ತದೆ. ಬಸಿದ ಮೇಲೆ ಮುಚ್ಚಳವನ್ನು ಸ್ವಲ್ಪ ಸರಿಸಿಡಿ, ಎಲೆ ತನ್ನ ಹಬೆಯಲ್ಲೇ ಬೇಯದಿರಲಿ. ಬಸಿದದ್ದನ್ನು ಮೊದಲು ಒಂದು ಸಣ್ಣ ಗಾಜಿನ ಜಗ್ಗಿಗೆ ತೆಗೆದುಕೊಂಡು ಅಲ್ಲಿಂದ ಎಲ್ಲರ ಬಟ್ಟಲಿಗೆ ಹಂಚುವುದು ಈಗಿನ ಪದ್ಧತಿ. ಹಂಚಿಕೆ ಸಮನಾಗಿರುವುದರಿಂದ ಅದನ್ನು ನ್ಯಾಯದ ಜಗ್ಗು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಚಾವೊಜೌನ ಹಳಬರು ಜಗ್ಗನ್ನು ಬಳಸುವುದಿಲ್ಲ. ಮೂರು ಪುಟ್ಟ ಬಟ್ಟಲುಗಳನ್ನು ಒಂದಕ್ಕೊಂದು ತಾಗಿಸಿಟ್ಟು, ಅವುಗಳ ಮೇಲೆ ಹೂಜಿಯನ್ನು ತಗ್ಗಿನಲ್ಲಿ ಸುತ್ತಿಸುತ್ತ ಎಲ್ಲಕ್ಕೂ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾರೆ. ಸೇನಾಪತಿ ಗುವಾನ್ ಯು ನಗರದ ಸುತ್ತ ಗಸ್ತು ತಿರುಗಿದಂತೆ ಎಂದು ಆ ಸುತ್ತುವಿಕೆಗೆ ಹೆಸರು. ಕೊನೆಗೆ ಉಳಿಯುವ ಗಾಢವಾದ ಹನಿಗಳನ್ನು ಒಂದೊಂದಾಗಿ ಪ್ರತಿ ಬಟ್ಟಲಿಗೂ ತೊಟ್ಟಿಕ್ಕಿಸುವುದನ್ನು ಹಾನ್ ರಾಜವಂಶದ ದಂಡನಾಯಕ ಹಾನ್ ಶಿನ್ ತನ್ನ ಸೈನಿಕರನ್ನು ಎಣಿಸುವುದಕ್ಕೆ ಹೋಲಿಸುತ್ತಾರೆ. ಕುಳಿತವರು ನಾಲ್ಕೈದು ಮಂದಿಯಾದರೂ ಬಟ್ಟಲು ಮೂರೇ. ನೀವು ಮೊದಲು, ನೀವು ಮೊದಲು ಎಂದು ಉಪಚರಿಸುತ್ತ ಸರದಿಯ ಮೇಲೆ ಕುಡಿಯುತ್ತಾರೆ.

ಮಣ್ಣಿನ ಹೂಜಿಯ ಪ್ರಶ್ನೆಗೆ ನನ್ನ ಉತ್ತರ, ಸದ್ಯಕ್ಕೆ ಬೇಡ. ಜಿಯಾಂಗ್ಸು ಪ್ರಾಂತ್ಯದ ಯಿಶಿಂಗ್ ಊರಿನ ನೇರಳೆ ಮಣ್ಣಿನ ಹೂಜಿಗಳು ಪ್ರಸಿದ್ಧವಾದುದು ಸುಮ್ಮನೆಯಲ್ಲ. ಮೆರುಗು ಹಚ್ಚದ ಆ ಮಣ್ಣು ಕಾವನ್ನು ಚೆನ್ನಾಗಿ ಹಿಡಿಯುತ್ತದೆ, ವರ್ಷಗಟ್ಟಲೆ ಬಳಸಿದರೆ ಚಹಾದ ಸಾರವನ್ನು ಒಳಗಿಳಿಸಿಕೊಂಡು ಹೊಳಪೇರುತ್ತದೆ, ಹುರಿದ ವೂಯಿ ಚಹಾದ ಒರಟನ್ನು ಮೆತ್ತಗಾಗಿಸುತ್ತದೆ. ಆದರೆ ಅದೇ ಕಾರಣಕ್ಕೆ ಒಂದು ಹೂಜಿಯನ್ನು ಒಂದೇ ಬಗೆಯ ಚಹಾಕ್ಕೆ ಮೀಸಲಿಡಬೇಕಾಗುತ್ತದೆ, ತಿಯೆಗ್ವಾನ್‌ಯಿನ್‌ನಂಥ ಹೂವಿನ ಘಮದ ಚಹಾದಲ್ಲಿ ಅದು ಪರಿಮಳವನ್ನು ಒಂದಿಷ್ಟು ನುಂಗಿಬಿಡುತ್ತದೆ. ಮೇಲಾಗಿ ಅಗ್ಗದ ನಕಲಿಗಳು ಹೇರಳ. ನಾನು ಮೊದಲು ಕೊಂಡದ್ದಕ್ಕೆ ಬಿಸಿನೀರು ಹಾಕಿದೊಡನೆ ಬಣ್ಣದ ಡಬ್ಬಿಯ ವಾಸನೆ ಬಂದಿತ್ತು. ಅದೀಗ ಕಿಟಕಿಯಲ್ಲಿ ಪೆನ್ನುಗಳನ್ನಿಡುವ ಪಾತ್ರೆಯಾಗಿದೆ. ಪಿಂಗಾಣಿಯ ಗೈವಾನ್ ಚಹಾದಿಂದ ಏನನ್ನೂ ತೆಗೆಯುವುದಿಲ್ಲ, ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಎಲೆಯ ಗುಣದೋಷ ಎರಡನ್ನೂ ಇದ್ದಂತೆ ತೋರಿಸುವುದರಿಂದ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ.

ಹಾಲು, ಸಕ್ಕರೆ ಬೇಡವೆಂದು ಬೇರೆ ಹೇಳಬೇಕಿಲ್ಲ. ಬರಿಹೊಟ್ಟೆಯಲ್ಲಿ ಮಾತ್ರ ಕುಡಿಯಬೇಡಿ. ಇಷ್ಟು ಎಲೆಯ ಚಹಾ ಹಸಿದ ಹೊಟ್ಟೆಗೆ ಬಿದ್ದರೆ ತಲೆ ಸುತ್ತಿ, ಹೊಟ್ಟೆ ತೊಳಸಿ, ಕೈ ನಡುಗುವುದುಂಟು. ಚೀನೀಯರು ಇದನ್ನು ಚಹಾದ ಅಮಲು ಎನ್ನುತ್ತಾರೆ. ಹಾಗಾದರೆ ಸಿಹಿಯಾದದ್ದೇನನ್ನಾದರೂ ತಿಂದು ಸ್ವಲ್ಪ ಸುಧಾರಿಸಿಕೊಳ್ಳಿ. ಹಸಿರು ತಿಯೆಗ್ವಾನ್‌ಯಿನ್ ಬೇಗ ಘಮ ಕಳೆದುಕೊಳ್ಳುವುದರಿಂದ ಒಡೆಯದ ಪೊಟ್ಟಣಗಳನ್ನು ಫ್ರಿಜ್ಜಿನಲ್ಲಿಟ್ಟು, ತೆಗೆದ ಮೇಲೆ ಕೋಣೆಯ ಕಾವಿಗೆ ಬಂದ ನಂತರವೇ ಕತ್ತರಿಸಿ. ಹುರಿದ ವೂಯಿ ಚಹಾಕ್ಕೆ ಗಾಳಿಯಾಡದ ತವರದ ಡಬ್ಬಿ ಸಾಕು, ಸಾಂಬಾರ ಪುಡಿಯ ಕಪಾಟಿನಿಂದ ಮಾತ್ರ ದೂರವಿರಲಿ. ಹೊಸದಾಗಿ ಹುರಿದದ್ದಾಗಿದ್ದು ಬೆಂಕಿಯ ವಾಸನೆ ಮುಂದೆ ನಿಂತರೆ ಕೆಲವು ತಿಂಗಳು ಹಾಗೇ ಬಿಡಿ, ತಾನಾಗಿ ಇಳಿಯುತ್ತದೆ.

ಮೊದಲು ತಿಯೆಗ್ವಾನ್‌ಯಿನ್‌ನಿಂದ ಆರಂಭಿಸಿ. ಅದು ಕೈತಪ್ಪನ್ನು ಹೆಚ್ಚು ಸಹಿಸಿಕೊಳ್ಳುತ್ತದೆ. ಏಳೆಂಟು ಸುತ್ತು ಮುಗಿದು ಬಣ್ಣ ತಿಳಿಯಾದ ಮೇಲೆ ಎಲೆಯನ್ನು ಚೆಲ್ಲುವ ಮುನ್ನ ಒಂದನ್ನು ತಟ್ಟೆಯ ಮೇಲೆ ಬಿಡಿಸಿ ನೋಡಿ: ಇಡಿಯಾದ, ದಪ್ಪನೆಯ ಎಲೆ, ತೊಟ್ಟು ಸಮೇತ. ಇಂದಿನ ಹಸಿರು ಬಗೆಯಲ್ಲಿ ಅಂಚಿನ ಕೆಂಪು ಕಡಿಮೆ ಕಾಣುತ್ತದೆ, ಏಕೆಂದರೆ ಸುತ್ತಲಿನ ಕೆಂಪಂಚನ್ನು ತಯಾರಿಕೆಯಲ್ಲಿಯೇ ಉದುರಿಸಿಬಿಡುವವರಿದ್ದಾರೆ. ಉಳಿದ ಎಲೆಗೆ ಒಂದು ಲೋಟ ತಣ್ಣೀರು ಹಾಕಿ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಬೆಳಿಗ್ಗೆ ಕಹಿಯ ಸುಳಿವಿಲ್ಲದ ಇನ್ನೊಂದು ಲೋಟ ಸಿಗುತ್ತದೆ.